ಜೆಂಕಿನ್ಸ್‌ನ ಪ್ಲಗಿನ್ಸ್ ಫೋಲ್ಡರ್: ನಾಲ್ಕು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿಯ ಐಟಿ ಪಾರ್ಕಿನ ಸಣ್ಣ ಆಫೀಸೊಂದರಲ್ಲಿ ಜೆಂಕಿನ್ಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಬರೆದ ಕೋಡನ್ನು ತಾನಾಗಿ ಕಟ್ಟಿ (ಅದೇ ಬಿಲ್ಡ್) ಪರೀಕ್ಷಿಸುವ ಸಾಫ್ಟ್‌ವೇರ್ ಅದು. ಎಲ್ಲರೂ ಅದರ ಪೈಪ್‌ಲೈನ್, ಅಂದರೆ ಆ ಕೆಲಸಗಳ ಸರಣಿಯ ಬಗ್ಗೆ ಬರೆಯುತ್ತಾರೆ. ನನಗೆ ಹೆಚ್ಚು ಹೊತ್ತು ಹಿಡಿದದ್ದು ಅದಕ್ಕೆ ಹೆಚ್ಚಿನ ಸೌಲಭ್ಯ ಸೇರಿಸುವ ಪ್ಲಗಿನ್‌ಗಳನ್ನು ಇಡುವ ಪ್ಲಗಿನ್ಸ್ ಫೋಲ್ಡರ್, ಹಾಗಾಗಿ ಅದರ ಬಗ್ಗೆಯೇ ಹೇಳುತ್ತೇನೆ.

ಕಳೆದ ಶ್ರಾವಣದಲ್ಲಿ ಡಿಸ್ಕ್ ತುಂಬುತ್ತಾ ಬಂತು. ಜೊತೆಯ ಹುಡುಗ ಬಳಸದ ಪ್ಲಗಿನ್‌ಗಳ ಫೋಲ್ಡರುಗಳನ್ನು ಕೈಯಾರೆ ಅಳಿಸಿ ರೀಸ್ಟಾರ್ಟ್ ಮಾಡಿದ. "ಅಕ್ಕಾರ, ಡಿಲೀಟ್ ಮಾಡಿದ್ದೆಲ್ಲಾ ಮತ್ತ ಬಂದಾವ್ರಿ!" ಎಂದು ಓಡಿಬಂದ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ಗೆ ಜೆಂಕಿನ್ಸನ್ನು ಜೋಡಿಸುವ ಪ್ಲಗಿನ್ನನ್ನೇ ಉದಾಹರಣೆಯಾಗಿ ಟರ್ಮಿನಲ್ ತೆರೆದು ತೋರಿಸಿದೆ: 'ಗಿಟ್.ಜೆಪಿಐ' ಎಂಬ ಫೈಲು, ಅದರ ಪಕ್ಕದಲ್ಲೇ 'ಗಿಟ್' ಎಂಬ ಫೋಲ್ಡರು. ಜೆಪಿಐ ಎಂದರೆ ಕಟ್ಟಿದ ಗಂಟು. ಫೋಲ್ಡರು ಅದನ್ನು ಬಿಚ್ಚಿ ಹರವಿದ್ದು. ಗಂಟು ಇರುವ ತನಕ ಜೆಂಕಿನ್ಸ್ ಶುರುವಾಗುವಾಗ ಮತ್ತೆ ಬಿಚ್ಚಿಕೊಳ್ಳುತ್ತದೆ. ತೆಗೆಯಬೇಕೆಂದರೆ ಜೆಂಕಿನ್ಸ್‌ನ ವೆಬ್ ಪುಟದಲ್ಲಿರುವ ಪ್ಲಗಿನ್ ಮ್ಯಾನೇಜರಿನಿಂದಲೇ ಅನ್‌ಇನ್‌ಸ್ಟಾಲ್ ಮಾಡುವುದು ಮೇಲು.

ಅಪ್‌ಡೇಟ್ ಆದಾಗ ಹಳೆಯ ಆವೃತ್ತಿಯನ್ನು 'ಗಿಟ್.ಬಿಎಕೆ' ಎಂದು ಎತ್ತಿಡುತ್ತದಲ್ಲ, ಅದು ನನಗೆ ತುಂಬಾ ಇಷ್ಟ. ಬಿಲ್ಡ್ ಕೆಟ್ಟ ಎರಡು ಸಲ ಡೌನ್‌ಗ್ರೇಡ್ ಒತ್ತಿ ಉಳಿದುಕೊಂಡಿದ್ದೇನೆ. ಪ್ಲಗಿನ್ ಕೈಕೊಟ್ಟು ವೆಬ್ ಪುಟವೇ ತೆರೆಯದಿದ್ದರೆ, 'ಗಿಟ್.ಜೆಪಿಐ.ಡಿಸೇಬಲ್ಡ್' ಎಂಬಂಥ ಖಾಲಿ ಫೈಲೊಂದನ್ನು ಇಟ್ಟು ರೀಸ್ಟಾರ್ಟ್ ಮಾಡಿದರೆ ಜೆಂಕಿನ್ಸ್ ಅದನ್ನೂ ಅದಿಲ್ಲದೆ ನಡೆಯದ ಪ್ಲಗಿನ್‌ಗಳನ್ನೂ ಬಿಟ್ಟು ಏಳುತ್ತದೆ.

ಕಷ್ಟ ಬರುವುದು ಇಂಟರ್ನೆಟ್ ಇಲ್ಲದ ಮಷೀನಿನಲ್ಲಿ. ಧಾರವಾಡದ ಗ್ರಾಹಕರೊಬ್ಬರಲ್ಲಿಗೆ ಪೆನ್‌ಡ್ರೈವಿನಲ್ಲಿ ಗಿಟ್ ಪ್ಲಗಿನ್ ಒಂದನ್ನೇ ಒಯ್ದಿದ್ದೆ. ಅದಕ್ಕೆ ಗಿಟ್ ಕ್ಲೈಂಟ್ ಎಂಬ ಪ್ಲಗಿನ್ ಬೇಕು, ಪಾಸ್‌ವರ್ಡ್ ಇಡುವ ಕ್ರೆಡೆನ್ಶಿಯಲ್ಸ್ ಪ್ಲಗಿನ್ ಬೇಕು, ಅವಕ್ಕೆ ಇನ್ನಷ್ಟು ಬೇಕು. ಮೊಬೈಲಿನಲ್ಲಿ ಒಂದೊಂದಾಗಿ ಇಳಿಸಿ, ಹಾಕಿ, ರೀಸ್ಟಾರ್ಟ್ ಮಾಡಿ, ಲಾಗ್ ಓದಿ, ಮತ್ತೊಂದು ಹುಡುಕಿ... ಮಧ್ಯಾಹ್ನ ಹೋದವಳು ಚಿಗರಿ ಬಸ್ ಹತ್ತಿದ್ದು ರಾತ್ರಿ ಒಂಬತ್ತೂವರೆಗೆ. ಬೇಕಾದದ್ದರ ಪಟ್ಟಿಯನ್ನು ಜೆಂಕಿನ್ಸ್‌ನವರು ಪೂರ್ತಿ ಮೊದಲೇ ಕಣ್ಣಿಗೆ ಬೀಳುವಂತೆ ಇಡಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಈಗ ಜೆಂಕಿನ್ಸ್‌ನವರದೇ ಪ್ಲಗಿನ್ ಇನ್‌ಸ್ಟಲೇಶನ್ ಮ್ಯಾನೇಜರ್ ಎಂಬ, ಟರ್ಮಿನಲ್ಲಿನಲ್ಲಿ ನಡೆಸುವ ಬೇರೆಯೇ ಟೂಲ್ ಬಳಸುತ್ತೇನೆ. ಒಂದು ಟೆಕ್ಸ್ಟ್ ಫೈಲು, ಸಾಲಿಗೊಂದು ಪ್ಲಗಿನ್: ಹೆಸರು, ಕೋಲನ್, ಆವೃತ್ತಿ. ಅವಲಂಬಿಸಿದವನ್ನು ಅದೇ ಹುಡುಕಿ ತರುತ್ತದೆ. ಗ್ರಾಹಕರಲ್ಲಿರುವ ಜೆಂಕಿನ್ಸ್ ಆವೃತ್ತಿಯನ್ನೂ ಅದಕ್ಕೆ ತಿಳಿಸಿ, ಆಫೀಸಿನಲ್ಲೇ ಇಳಿಸಿ, ಫೋಲ್ಡರನ್ನು ಇಡಿಯಾಗಿ ಒಯ್ಯುತ್ತೇನೆ. ನಮ್ಮ ಪಟ್ಟಿಯಲ್ಲಿ 23 ಸಾಲಿವೆ, ಇಳಿದು ಬರುವ ಜೆಪಿಐ 71. ಪಟ್ಟಿಯಿಂದ ಸಾಲು ತೆಗೆದ ಮಾತ್ರಕ್ಕೆ ಹಳೆಯ ಜೆಪಿಐ ಹೋಗುವುದಿಲ್ಲ, ಅದಕ್ಕೇ ಪ್ರತಿ ಸಲವೂ ಖಾಲಿ ಫೋಲ್ಡರಿಗೇ ಇಳಿಸುತ್ತೇವೆ. ಆ ಪಟ್ಟಿ ಈಗ ಆ ಹುಡುಗನ ಕೈಯಲ್ಲಿದೆ.