ಟನ್/ಟ್ಯಾಪ್, ಎಎಫ್-ಎಕ್ಸ್‌ಡಿಪಿ, ಡಿಪಿಡಿಕೆ: ಯಾವುದು ಯಾರಿಗೆ?

ಇವೆಲ್ಲ ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ನಿಮ್ಮ ಪ್ರೋಗ್ರಾಂಗೆ ತಲುಪಿಸುವ ದಾರಿಗಳು. ವಿಪಿಎನ್ ಬರೆಯುತ್ತಿದ್ದೀರಾ? ಸುಮ್ನೆ ಟನ್ ಎಂಬ ವರ್ಚುವಲ್ ನೆಟ್‌ವರ್ಕ್ ಇಂಟರ್‌ಫೇಸ್ ಬಳಸಿ. /ಡೆವ್/ನೆಟ್/ಟನ್ ಫೈಲ್ ತೆರೆದು ಒಂದು ಐಆಕ್ಟಲ್ (ಸಾಧನಕ್ಕೆ ಆದೇಶ ಕೊಡುವ ಕರೆ) ಕರೆದರೆ ಇಂಟರ್‌ಫೇಸ್ ಸಿದ್ಧ. ಆಮೇಲೆ ರೀಡ್, ರೈಟ್ ಅಷ್ಟೇ. ಟನ್ ಐಪಿ ಪ್ಯಾಕೆಟ್ ಕೊಡುತ್ತದೆ, ಟ್ಯಾಪ್ ಇಡೀ ಈಥರ್ನೆಟ್ ಫ್ರೇಮ್. ವರ್ಚುವಲ್ ಮಷೀನನ್ನು ಬ್ರಿಡ್ಜ್‌ಗೆ (ಸಾಫ್ಟ್‌ವೇರ್ ಸ್ವಿಚ್‌ಗೆ) ಸೇರಿಸಬೇಕಾದರೆ ಟ್ಯಾಪ್ ಬೇಕು.

ವೇಗದಲ್ಲಿ ಮಾತ್ರ ಇವು ಹಿಂದೆ. ಸಾಮಾನ್ಯವಾಗಿ ಪ್ರತಿ ಪ್ಯಾಕೆಟ್‌ಗೂ ಒಂದು ಸಿಸ್ಟಮ್ ಕಾಲ್ (ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಹೋಗುವ ಕರೆ), ಒಂದು ಕಾಪಿ. 2018ರಲ್ಲಿ ಲಿನಕ್ಸ್ 4.18ರ ಜೊತೆ ಬಂದ ಎಎಫ್-ಎಕ್ಸ್‌ಡಿಪಿ ಕರ್ನಲ್ ಮತ್ತು ಪ್ರೋಗ್ರಾಂ ನಡುವೆ ಮೆಮೊರಿಯನ್ನೇ ಹಂಚುತ್ತದೆ. ಬೇಕಾದ ಪ್ಯಾಕೆಟ್ ನಿಮಗೆ, ಉಳಿದದ್ದು ಕರ್ನಲ್‌ಗೆ. ಕಾಪಿ ಪೂರ್ತಿ ತಪ್ಪಬೇಕಾದರೆ ಡ್ರೈವರ್ ಬೆಂಬಲ ಇರಬೇಕು, ಮೊದಲೇ ನೋಡಿಕೊಳ್ಳಿ.

ಡಿಪಿಡಿಕೆ ಹೆಚ್ಚಾಗಿ ನೆಟ್‌ವರ್ಕ್ ಕಾರ್ಡನ್ನೇ ಕರ್ನಲ್ ಕೈಯಿಂದ ಕಿತ್ತುಕೊಳ್ಳುತ್ತದೆ. ಆಗ ಪ್ಯಾಕೆಟ್ ನೋಡುವ ಟೂಲ್ ಟಿಸಿಪಿಡಂಪ್‌ಗೆ ಏನೂ ಕಾಣುವುದಿಲ್ಲ. ಪ್ಯಾಕೆಟ್ ಬರಲಿ ಬಿಡಲಿ, ಒಂದು ಸಿಪಿಯು ಕೋರ್ ಪ್ಯಾಕೆಟ್ ಬಂತಾ ಎಂದು ನೋಡುತ್ತಾ ಸುತ್ತುತ್ತಲೇ ಇರುತ್ತದೆ. ಇದಕ್ಕೆಂದೇ ಮೀಸಲಿಟ್ಟ ಸರ್ವರ್ ಇದ್ದರೆ ಸರಿ. ಲ್ಯಾಪ್‌ಟಾಪ್‌ಗೆ ಇಷ್ಟೆಲ್ಲ ಯಾಕೆ, ಅಲ್ವಾ?