ಪಿಡಿಎಫ್ ತಿದ್ದುವ ಎಐ ಸ್ಕಿಲ್: ತಿದ್ದಿದ ಪುಟವನ್ನು ತಾನೇ ನೋಡುತ್ತದೆಯೇ?

ಪಿಡಿಎಫ್ ಕಡತಗಳನ್ನು ತಿದ್ದುವುದಕ್ಕೆಂದೇ ಸಿದ್ಧಪಡಿಸಿದ ಎಐ ಏಜೆಂಟ್ ಸ್ಕಿಲ್ ಒಂದನ್ನು ಎರಡು ವಾರಗಳ ಕಾಲ ನನ್ನ ದಿನನಿತ್ಯದ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ. ಏಜೆಂಟ್ ಎಂದರೆ ಹೇಳಿದ ಕೆಲಸವನ್ನು ಕಂಪ್ಯೂಟರ್‌ನಲ್ಲಿ ಹಂತಹಂತವಾಗಿ ತಾನೇ ಮಾಡುವ ಎಐ. ಸ್ಕಿಲ್ ಎಂದರೆ ಪ್ರತ್ಯೇಕ ತಂತ್ರಾಂಶವಲ್ಲ. ಅದು ಒಂದು ಫೋಲ್ಡರ್. ಅದರೊಳಗೆ ಏಜೆಂಟ್ ಓದಬೇಕಾದ ಸೂಚನೆಗಳ ಒಂದು ಕಡತ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಕೆಲವು ಚಿಕ್ಕ ಪ್ರೋಗ್ರಾಂಗಳು, ಅಂದರೆ ಸ್ಕ್ರಿಪ್ಟ್‌ಗಳು ಇರುತ್ತವೆ. ಏಜೆಂಟ್ ಮೊದಲಿಗೆ ಸ್ಕಿಲ್‌ನ ಹೆಸರು ಮತ್ತು ಚಿಕ್ಕ ವಿವರಣೆಯನ್ನಷ್ಟೇ ತಿಳಿದಿರುತ್ತದೆ, ಪಿಡಿಎಫ್ ಕೆಲಸ ಎದುರಾದಾಗ ಮಾತ್ರ ಉಳಿದ ಸೂಚನೆಗಳನ್ನು ತೆರೆದು ಓದುತ್ತದೆ. 2025ರ ಅಕ್ಟೋಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆ ಈ ವ್ಯವಸ್ಥೆಯನ್ನು ಪರಿಚಯಿಸಿತು. ನಾನು ಪರೀಕ್ಷಿಸಿದ್ದು ಇದೇ ಮಾದರಿಯಲ್ಲಿ ಬೇರೆಯವರು ರಚಿಸಿದ ಒಂದು ಸ್ಕಿಲ್.

ಕಡತಗಳನ್ನು ಜೋಡಿಸುವುದು, ಬೇರ್ಪಡಿಸುವುದು, ಪುಟಗಳನ್ನು ತಿರುಗಿಸುವುದು, ಇವುಗಳಲ್ಲಿ ಒಂದು ತಪ್ಪೂ ಕಾಣಲಿಲ್ಲ. ಈ ಕೆಲಸಕ್ಕೆ ಬಳಸುವ ಪೈಥಾನ್ ಲೈಬ್ರರಿಗಳು (ಸಿದ್ಧ ಕೋಡ್‌ನ ಸಂಗ್ರಹಗಳು) ಸಾಮಾನ್ಯವಾಗಿ ಪುಟಗಳನ್ನು ಸೊನ್ನೆಯಿಂದ ಎಣಿಸುತ್ತವೆ, ನಾವು ಒಂದರಿಂದ ಎಣಿಸುತ್ತೇವೆ. ಈ ವ್ಯತ್ಯಾಸದಲ್ಲಿ ಎಡವುವುದು ಸುಲಭ. ಆದರೆ ಐದನೆಯ ಪುಟ ಕೇಳಿದಾಗಲೆಲ್ಲ ಐದನೆಯ ಪುಟವೇ ಬಂತು.

ಫಾರ್ಮ್ ತುಂಬಿಸುವ ಭಾಗ ಈ ಸ್ಕಿಲ್‌ನ ನಿಜವಾದ ಬಲ. ಪಿಡಿಎಫ್ ಫಾರ್ಮ್‌ನ ಚೆಕ್‌ಬಾಕ್ಸ್‌ಗೆ ಗುರುತು ಹಾಕಲು ಬೇಕಾದ ಒಳಗಿನ ಹೆಸರು ಕಡತದಿಂದ ಕಡತಕ್ಕೆ ಬೇರೆಯಾಗಿರುತ್ತದೆ. ಒಂದರಲ್ಲಿ ‘ಯೆಸ್’ ಎಂದಿದ್ದರೆ ಇನ್ನೊಂದರಲ್ಲಿ ‘ಆನ್’ ಎಂದಿರಬಹುದು. ಊಹಿಸಿ ಬರೆದರೆ ಗುರುತು ಬೀಳುವುದಿಲ್ಲ. ಇದನ್ನು ಅರಿತವರೇ ಈ ಭಾಗವನ್ನು ಬರೆದಿದ್ದಾರೆ: ಮೊದಲು ಒಂದು ಸ್ಕ್ರಿಪ್ಟ್ ಎಲ್ಲ ಖಾನೆಗಳನ್ನೂ ಅವು ಒಪ್ಪುವ ಮೌಲ್ಯಗಳನ್ನೂ ಪಟ್ಟಿ ಮಾಡುತ್ತದೆ, ಆ ಪಟ್ಟಿಯನ್ನು ಓದಿದ ಬಳಿಕವೇ ಏಜೆಂಟ್ ತುಂಬಿಸಲು ತೊಡಗುತ್ತದೆ. ತುಂಬುವ ಖಾನೆಗಳೇ ಇಲ್ಲದ, ಬರಿಯ ಗೆರೆಗಳಿರುವ ಫಾರ್ಮ್ ಆದರೆ, ಪುಟವನ್ನು ಚಿತ್ರವಾಗಿಸಿ, ಬರೆಯುವ ಜಾಗಗಳನ್ನು ಗುರುತಿಸಿ, ಅವು ಒಂದರ ಮೇಲೊಂದು ಬೀಳುತ್ತಿಲ್ಲವೆಂದು ಖಚಿತಪಡಿಸಿಕೊಂಡು ಬರೆಯುತ್ತದೆ. ಚಿತ್ರದ ಅಳತೆ ಮೇಲಿನ ಎಡಮೂಲೆಯಿಂದ ಆರಂಭವಾದರೆ ಪಿಡಿಎಫ್‌ನ ಅಳತೆ ಕೆಳಗಿನ ಎಡಮೂಲೆಯಿಂದ, ಇಂಚಿಗೆ 72 ಪಾಯಿಂಟ್‌ಗಳ ಲೆಕ್ಕದಲ್ಲಿ ಸಾಗುತ್ತದೆ. ಈ ಪರಿವರ್ತನೆಯನ್ನು ಏಜೆಂಟ್‌ನ ಅಂದಾಜಿಗೆ ಬಿಡದೆ ಸ್ಕ್ರಿಪ್ಟ್‌ಗೆ ಒಪ್ಪಿಸಿರುವುದು ಮೆಚ್ಚಬೇಕಾದ ನಿರ್ಧಾರ.

ಇರುವ ಪಠ್ಯವನ್ನು ಬದಲಿಸುವ ಕೆಲಸದಲ್ಲಿ ಮಾತ್ರ ಚಿತ್ರ ಬೇರೆಯೇ ಆಯಿತು. ಅಡೋಬಿ ಸಂಸ್ಥೆ 1993ರಲ್ಲಿ ಬಿಡುಗಡೆ ಮಾಡಿದ, 2008ರಲ್ಲಿ ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನದಂಡವಾದ ಪಿಡಿಎಫ್ ಹುಟ್ಟಿದ್ದು ತಿದ್ದುವುದಕ್ಕಲ್ಲ, ಎಲ್ಲಿ ತೆರೆದರೂ ಪುಟ ಒಂದೇ ರೀತಿ ಕಾಣಲಿ ಎಂಬುದಕ್ಕೆ. ಅದರೊಳಗೆ ಸಾಮಾನ್ಯವಾಗಿ ಇರುವುದು ಇಂಥ ಫಾಂಟಿನ ಇಂಥ ಅಕ್ಷರರೂಪ ಇಂಥ ಜಾಗದಲ್ಲಿ ಬೀಳಲಿ ಎಂಬ ಆಜ್ಞೆಗಳೇ ಹೊರತು ನಾವು ಅಂದುಕೊಳ್ಳುವ ವಾಕ್ಯವಾಗಲಿ, ಪ್ಯಾರಾ ಆಗಲಿ ಅಲ್ಲ. ಕಡತದ ಗಾತ್ರ ಉಳಿಸಲು ಫಾಂಟಿನಲ್ಲಿ ಬಳಕೆಯಾದ ಅಕ್ಷರಗಳನ್ನಷ್ಟೇ ಸೇರಿಸುವುದೂ ರೂಢಿ. ವರದಿಯೊಂದರಲ್ಲಿ ದಿನಾಂಕ ಬದಲಿಸಲು ಹೇಳಿದೆ. ಹೊಸ ದಿನಾಂಕಕ್ಕೆ ಬೇಕಾದ 7 ಎಂಬ ಅಂಕಿ ಮೂಲದಲ್ಲಿ ಎಲ್ಲಿಯೂ ಬಂದಿರಲಿಲ್ಲವಾದ್ದರಿಂದ ಆ ಫಾಂಟಿನಲ್ಲಿ ಅದು ಇರಲೇ ಇಲ್ಲ. ಪುಟದಲ್ಲಿ ಅದರ ಜಾಗ ಖಾಲಿಯಾಗಿ ಉಳಿಯಿತು. ಹಾಗಿದ್ದೂ ‘ದಿನಾಂಕ ಬದಲಾಯಿಸಲಾಗಿದೆ’ ಎಂದು ಏಜೆಂಟ್ ವರದಿ ಮಾಡಿತು. ಮತ್ತೊಂದು ಕಡತದಲ್ಲಿ ಹಳೆಯ ಹೆಸರಿನ ಮೇಲೆ ಬಿಳಿಯ ಆಯತ ಬಿಡಿಸಿ, ಅದರ ಮೇಲೆ ಹೊಸ ಹೆಸರನ್ನು ಬರೆದಿತ್ತು. ಕಣ್ಣಿಗೆ ಸರಿಯಾಗಿಯೇ ಕಂಡರೂ ಹುಡುಕಿದಾಗ ಎರಡೂ ಹೆಸರುಗಳು ಸಿಕ್ಕವು.

ಮರೆಮಾಚುವ ಕೆಲಸದಲ್ಲಿ ಇದೇ ದೋಷ ಅಪಾಯಕಾರಿಯಾಗುತ್ತದೆ. ಖಾತೆ ಸಂಖ್ಯೆಗಳನ್ನು ಅಳಿಸು ಎಂದರೆ ಸ್ಕಿಲ್ ಅವುಗಳ ಮೇಲೆ ಕಪ್ಪು ಪಟ್ಟಿ ಎಳೆಯಿತು. ಪಟ್ಟಿಯ ಅಡಿಯಲ್ಲಿದ್ದ ಸಂಖ್ಯೆಗಳು ಹಾಗೆಯೇ ಉಳಿದಿದ್ದವು. ಆಯ್ದು ನಕಲು ಮಾಡಿದರೆ ಎಲ್ಲವೂ ಹೊರಬಂದವು. ಯಾರದ್ದೋ ಗೋಪ್ಯ ವಿವರ ಸುರಕ್ಷಿತವಾಗಿದೆ ಎಂಬ ಸುಳ್ಳು ಭರವಸೆ ಕೊಡುವುದಕ್ಕಿಂತ, ಈ ಕೆಲಸ ನನ್ನಿಂದಾಗದು ಎಂದು ಹೇಳಿದ್ದರೆ ಸಾವಿರ ಪಾಲು ಮೇಲಾಗಿತ್ತು. ಡಿಜಿಟಲ್ ಸಹಿ ಇದ್ದ ಕಡತವನ್ನೂ ಅದು ಎಚ್ಚರಿಕೆಯ ಒಂದು ಮಾತಿಲ್ಲದೆ ತಿದ್ದಿ ಉಳಿಸಿತು. ಸಹಿ ಕಡತದ ಬೈಟ್‌ಗಳಿಗೇ ಬಿಗಿದುಕೊಂಡಿರುತ್ತದೆಯಾದ್ದರಿಂದ ಹಾಗೆ ಹೊಸದಾಗಿ ಬರೆದು ಉಳಿಸಿದರೆ ಅದು ಅಮಾನ್ಯವಾಗುತ್ತದೆ.

ಕನ್ನಡ ಕಡತಗಳ ವಿಷಯದಲ್ಲಿ ನನಗೆ ನೋವೇ ಆಯಿತು. ‘ವರ್ಷ’ ಎಂಬ ಪದದಲ್ಲಿ ಯೂನಿಕೋಡ್ (ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ದಾಖಲಿಸುವ ಮಾನದಂಡ) ಕ್ರಮದಂತೆ ರಕಾರ ಮೊದಲು ಬಂದರೂ, ಪುಟದಲ್ಲಿ ಅರ್ಕಾವತ್ತು ಷಕಾರದ ಬಳಿಕ ಮೂಡುತ್ತದೆ. ಪಿಡಿಎಫ್‌ನಿಂದ ಪಠ್ಯ ತೆಗೆಯುವಾಗ ಈ ಕ್ರಮ ತಲೆಕೆಳಗಾಗುವುದುಂಟು. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಸಿದ್ಧವಾದ ಕಡತವಾದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೇ ಬರುತ್ತದೆ. ಸ್ಕಿಲ್‌ನ ಸೂಚನೆಗಳಲ್ಲಿ ಇದರ ಪ್ರಸ್ತಾಪವೇ ಇಲ್ಲ. ಅದಕ್ಕಿಂತ ಕಳವಳದ ಸಂಗತಿಯೆಂದರೆ, ಹೀಗೆ ಕೆಟ್ಟು ಬಂದ ಪಠ್ಯದಿಂದ ಏಜೆಂಟ್ ಊಹೆಯ ಮೇಲೆ ಸೊಗಸಾದ ವಾಕ್ಯಗಳನ್ನು ಕಟ್ಟಿಕೊಟ್ಟಿತು. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದದಿದ್ದರೆ ನಾನೂ ನಂಬಿಬಿಡುತ್ತಿದ್ದೆ. ಬರೆಯುವಾಗಲೂ ತೊಂದರೆ ತಪ್ಪಲಿಲ್ಲ: ಅಕ್ಷರ ಜೋಡಣೆಯ ನಿಯಮಗಳನ್ನು ಅನ್ವಯಿಸದೆಯೇ ಪುಟ ರಚಿಸಿದ್ದರಿಂದ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ನಿಂತವು. ಅದೇ ಪಠ್ಯವನ್ನು ವೆಬ್ ಪುಟವಾಗಿಸಿ ಬ್ರೌಸರ್ ಮೂಲಕ ಪಿಡಿಎಫ್ ಮಾಡು ಎಂದು ಹೇಳಿದಾಗ, ಬ್ರೌಸರ್ ಆ ನಿಯಮಗಳನ್ನು ಬಲ್ಲದಾದ್ದರಿಂದ, ಕನ್ನಡ ಸರಿಯಾಗಿಯೇ ಮೂಡಿತು.

ಒಂದೇ ಸ್ಕಿಲ್ ಫಾರ್ಮ್‌ನಲ್ಲಿ ಅಷ್ಟು ಜಾಗರೂಕವಾಗಿದ್ದು ಪಠ್ಯದಲ್ಲಿ ಇಷ್ಟು ಅಜಾಗರೂಕವಾಗಿದ್ದೇಕೆ ಎಂದು ಸೂಚನೆಗಳ ಕಡತವನ್ನು ಮತ್ತೆ ಓದಿದೆ. ಕಾರಣ ಅಲ್ಲಿಯೇ ಇತ್ತು. ತುಂಬಿಸಿದ ಫಾರ್ಮ್ ಅನ್ನು ಚಿತ್ರವಾಗಿಸಿ ನೋಡಲೇಬೇಕು ಎಂದು ಫಾರ್ಮ್ ಭಾಗದಲ್ಲಿ ಕಟ್ಟುನಿಟ್ಟಾಗಿ ಹೇಳಿದೆ. ಪಠ್ಯ ಬದಲಿಸುವ ಭಾಗದಲ್ಲಿ ಕೋಡ್‌ನ ಮಾದರಿಗಳಿವೆಯೇ ಹೊರತು ನೋಡು ಎಂಬ ಮಾತಿಲ್ಲ. ಏಜೆಂಟ್‌ಗೆ ಸಾಮರ್ಥ್ಯವಿತ್ತು, ಅಪ್ಪಣೆ ಇರಲಿಲ್ಲ. ಆದ್ದರಿಂದ ಇಂಥ ಸ್ಕಿಲ್ ಅನ್ನು ಆಯ್ದುಕೊಳ್ಳುವವರು ಅದು ಮಾಡಬಲ್ಲ ಕೆಲಸಗಳ ಪಟ್ಟಿಗಿಂತ ಮೊದಲು, ಮಾಡಿದ ಕೆಲಸವನ್ನು ಪರೀಕ್ಷಿಸಲು ಎಲ್ಲೆಲ್ಲಿ ಹೇಳಿದೆ ಎಂಬುದನ್ನು ಓದಬೇಕು ಎನ್ನುತ್ತೇನೆ. ಅದು ಸರಳ ಪಠ್ಯದ ಕಡತವಾಗಿರುವುದರಿಂದ ಯಾರು ಬೇಕಾದರೂ ಓದಬಹುದು, ತಿದ್ದಲೂಬಹುದು.

ನಾನು ಮೂರು ಸಾಲುಗಳನ್ನು ಸೇರಿಸಿದೆ. ಪ್ರತಿ ತಿದ್ದುಪಡಿಯ ಬಳಿಕ ಪುಟವನ್ನು ಚಿತ್ರವಾಗಿಸಿ ನೋಡು. ಅಳಿಸಿದ ಪಠ್ಯವನ್ನು ಹೊಸ ಕಡತದಲ್ಲಿ ಮತ್ತೆ ಹುಡುಕು, ಸಿಕ್ಕರೆ ಕೆಲಸ ಮುಗಿದಿಲ್ಲವೆಂದು ತಿಳಿ. ಸಹಿ ಇದ್ದರೆ ನಿಂತು ಕೇಳು. ಅದೇ ವರದಿಯನ್ನು ಮತ್ತೆ ಕೊಟ್ಟಾಗ, 7 ಎಂಬ ಅಂಕಿ ಫಾಂಟಿನಲ್ಲಿ ಇಲ್ಲವೆಂದು ಏಜೆಂಟ್ ತಾನಾಗಿಯೇ ಹೇಳಿ, ಹೋಲುವ ಫಾಂಟ್ ಬಳಸಲೇ ಎಂದು ಕೇಳಿತು. ಸಹಿ ಇದ್ದ ಕಡತವನ್ನು ತಿದ್ದದೆ ನನ್ನ ಉತ್ತರಕ್ಕಾಗಿ ಕಾಯಿತು. ಮರೆಮಾಚುವ ಕೆಲಸವನ್ನು ಮಾತ್ರ ನಾನು ಈಗಲೂ ಅದಕ್ಕೆ ಪೂರ್ತಿಯಾಗಿ ಒಪ್ಪಿಸಿಲ್ಲ: ಪಟ್ಟಿ ಎಳೆದ ಪುಟಗಳನ್ನು ಚಿತ್ರಗಳಾಗಿ ಪರಿವರ್ತಿಸಿ, ಆ ಚಿತ್ರಗಳಿಂದಲೇ ಹೊಸ ಪಿಡಿಎಫ್ ಕಟ್ಟಿಸಿ, ಅದರೊಳಗೆ ಪಠ್ಯ ಉಳಿದಿಲ್ಲವೆಂದು ನಾನೇ ನೋಡಿದ ಮೇಲಷ್ಟೇ ಕಳಿಸುತ್ತೇನೆ.