ಅಪ್ಪನ ಎಚ್‌ಎಂಟಿ ಜನತಾ: ಈಗಲೂ ಕೊಳ್ಳಬಹುದಾ?

ಎಚ್‌ಎಂಟಿ ಜನತಾ ವಾಚ್ ತಗೊಳ್ಳಲಾ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ದಿನಾ ಬೆಳಿಗ್ಗೆ ಮರೆಯದೆ ಕೀ ಕೊಡುತ್ತೀರಾದರೆ ಖಂಡಿತ ತಗೊಳ್ಳಿ. ಆಗಲ್ಲ ಅಂದರೆ ಬೇಡ, ಸುಮ್ನೆ ಡ್ರಾಯರ್‌ನಲ್ಲಿ ಬಿದ್ದಿರುತ್ತದೆ.

ನಾನು ಕಟ್ಟುತ್ತಿರುವುದು ಅಪ್ಪನ ವಾಚು. ಅವರು ತುಮಕೂರಿನ ಎಚ್‌ಎಂಟಿ ಫ್ಯಾಕ್ಟರಿಯಲ್ಲಿ ಮಷಿನ್ ಶಾಪಿನಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅಮ್ಮ ಇದನ್ನು ನನಗೆ ಕೊಟ್ಟರು.

ಮೊದಲು ವಾಚಿನ ಬಗ್ಗೆ ಹೇಳಿಬಿಡುತ್ತೇನೆ. ಸ್ಟೀಲ್ ಕೇಸು, ಬಿಳಿ ಡಯಲ್, 17 ಜ್ಯೂಯೆಲ್, ಅಂದರೆ ಒಳಗಿನ ಚಕ್ರಗಳು ಸವೆಯದ ಹಾಗೆ ಕೂರಿಸಿದ ಪುಟ್ಟ ಹರಳುಗಳು. ಬ್ಯಾಟರಿ ಇಲ್ಲ, ತಾರೀಕೂ ಇಲ್ಲ. ಅಗಲ ಸುಮಾರು 35 ಮಿ.ಮೀ., ಈಗಿನ ದಪ್ಪ ವಾಚುಗಳ ಪಕ್ಕದಲ್ಲಿ ಚಿಕ್ಕದು ಅನ್ನಿಸುತ್ತದೆ, ಆದರೆ ಸಣ್ಣ ಕೈಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ಶರ್ಟಿನ ತೋಳಿಗೆ ಸಿಕ್ಕಿಕೊಳ್ಳೋದೂ ಇಲ್ಲ. ಪೂರ್ತಿ ಕೀ ಕೊಟ್ಟರೆ ಒಂದು ದಿನ ದಾಟಿ ಓಡುತ್ತದೆ. ಕೀ ಬಿಗಿಯಾಯಿತು ಅನ್ನಿಸಿದ ತಕ್ಷಣ ನಿಲ್ಲಿಸಬೇಕು, ಬಲವಂತ ಮಾಡಬಾರದು. ಕೀ ಕೊಡುವ ವಾಚು ಅಂದಮೇಲೆ ದಿನಕ್ಕೆ ಸ್ವಲ್ಪ ಹಿಂದೆ ಮುಂದೆ ಆಗುವುದು ಸಹಜ. ಗಾಜು ಅಕ್ರಿಲಿಕ್‌ನದ್ದು, ಗೀರು ಬಿದ್ದರೆ ಚೂರು ಟೂತ್‌ಪೇಸ್ಟ್ ಹಾಕಿ ಬಟ್ಟೆಯಲ್ಲಿ ಉಜ್ಜಿ, ಹೋಗುತ್ತದೆ. ನೀರು ಮಾತ್ರ ತಾಗಿಸಬೇಡಿ.

ಅಪ್ಪ ಇದನ್ನು ನೋಡಿಕೊಂಡ ರೀತಿಯೇ ಬೇರೆ. ಐದಕ್ಕೆ ಎದ್ದು, ಸ್ನಾನ ಮಾಡಿ, ವಿಭೂತಿ ಧರಿಸಿ ಲಿಂಗಪೂಜೆಗೆ ಕೂರುತ್ತಿದ್ದರು. ಪೂಜೆ ಮುಗಿದ ಮೇಲೆ ಅಲ್ಲೇ ಕೂತು, ವಾಚನ್ನು ಕಿವಿ ಹತ್ತಿರ ಹಿಡಿದು, ಹೆಬ್ಬೆರಳು ತೋರುಬೆರಳಲ್ಲಿ ನಿಧಾನಕ್ಕೆ ಕೀ ಕೊಡುತ್ತಿದ್ದರು. ಆಗ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಜ್ವರ ಬಂದರೂ ಇದು ತಪ್ಪಿದ್ದು ನಾನು ಕಂಡಿಲ್ಲ. ಆಮೇಲೆ ಡಬ್ಬಿ ಹಿಡಿದು ಶಿಫ್ಟಿಗೆ ಹೊರಟರೆ ಬರುವುದು ಸಂಜೆ, ಬಂದವರು ನಮ್ಮ ಲೆಕ್ಕದ ಪುಸ್ತಕ ತೆಗೆಸುತ್ತಿದ್ದರು. ಮಕ್ಕಳ ಫೀಸು, ಊರಲ್ಲಿದ್ದ ಅಜ್ಜಿಯ ಔಷಧಿ, ಇಬ್ಬರು ಅತ್ತೆಯರ ಮದುವೆ, ಎಲ್ಲ ಆ ಒಂದು ಸಂಬಳದಲ್ಲಿ. ತಮಗೆ ಅಂತ ಕೊಂಡ ಬೆಲೆಬಾಳುವ ವಸ್ತು ಅಂದರೆ ಈ ವಾಚು ಒಂದೇ ಅಂತ ಅಮ್ಮ ಹೇಳುತ್ತಾರೆ.

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಗೆ ಹೋಗದೆ ಇರುತ್ತಿರಲಿಲ್ಲ. ದನದ ಜಾತ್ರೆ ನೋಡೋಣ ಅಂತ ನಾವು ಎಳೆದರೂ ಮೊದಲು ಮಠ, ದಾಸೋಹ, ಆಮೇಲೆ ಉಳಿದದ್ದು. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮಿಗಳು 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಅಪ್ಪ ಅವತ್ತಿಡೀ ಊಟ ಮುಟ್ಟಲಿಲ್ಲ.

ಕಂಪನಿಯ ಕತೆ ಗೊತ್ತಿಲ್ಲದ ಹುಡುಗರಿಗೆ ಒಂದಿಷ್ಟು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಫ್ಯಾಕ್ಟರಿ ಶುರುವಾಯಿತು. ತುಮಕೂರಿನದ್ದು 1978ರಲ್ಲಿ. ಮದುವೆಗೆ, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ರಿಟೈರ್ ಆದದ್ದಕ್ಕೆ ಎಚ್‌ಎಂಟಿ ವಾಚು ಕೊಡುತ್ತಿದ್ದ ಕಾಲ ಅದು. ಆಮೇಲೆ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚು ಬಂತು, ಟೈಟನ್ ಬಂತು, ಮಾರಾಟ ಇಳಿಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ತುಮಕೂರಿನ ಆ ಜಾಗ ಈಗ ಇಸ್ರೋ ಕೈಲಿದೆ. ಕೆಲಸ ಕಲಿತ ಜಾಗ ಖಾಲಿ ಬೀಳಲಿಲ್ಲವಲ್ಲ ಅಂತ ಅಪ್ಪನಿಗೆ ಸಮಾಧಾನ ಇತ್ತು. ನನಗೆ ಮಾತ್ರ ಆ ರಸ್ತೆಯಲ್ಲಿ ಹೋಗುವಾಗ ಈಗಲೂ ಸಂಕಟ ಆಗುತ್ತದೆ.

ನನ್ನ ಕೈಗೆ ಬಂದಾಗ ವಾಚು ನಿಂತಿತ್ತು. ನಮ್ಮೂರಿನ ಹಳೇ ರಿಪೇರಿಯವರ ಹತ್ತಿರ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆಯಲು ಹೋದರೆ ಅದರ ಅಂಚಿನಲ್ಲಿ, ಪಟ್ಟಿ ಸೇರುವ ಸಂದಿನಲ್ಲಿ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ವಿಭೂತಿ. ವರ್ಷಗಟ್ಟಲೆ ಅವರ ಬೆರಳಿಂದ ಸೇರಿದ್ದು. ಒಳಗೆ ಹೋಗಿರಲಿಲ್ಲ, ಎಣ್ಣೆ ಒಣಗಿತ್ತು ಅಷ್ಟೇ. ತೊಳೆದು ಎಣ್ಣೆ ಬಿಟ್ಟ ಮೇಲೆ ಚೆನ್ನಾಗಿ ಓಡುತ್ತಿದೆ.

ಈಗ ಕೊಳ್ಳುವವರಿಗೆ ಒಂದು ಮಾತು. ಆನ್‌ಲೈನಿನಲ್ಲಿ ನೀಲಿ, ಕೆಂಪು, ಹಸಿರು ಬಣ್ಣದ ಹೊಳೆಯುವ ಡಯಲ್‌ನ 'ಹಳೇ ಎಚ್‌ಎಂಟಿ' ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಡಯಲ್‌ಗೆ ಮತ್ತೆ ಬಣ್ಣ ಹೊಡೆದವು, ಒಳಗಿನ ಭಾಗ ಬೇರೆ ಬೇರೆ ವಾಚಿನಿಂದ ಕಿತ್ತು ಸೇರಿಸಿದ್ದೂ ಇರುತ್ತದೆ. ಅಕ್ಷರ ದಪ್ಪಗೆ, ಓರೆಯಾಗಿ ಕಂಡರೆ ಬಿಟ್ಟುಬಿಡಿ. ಅದಕ್ಕಿಂತ ಮನೆಯ ಬೀರು ಹುಡುಕಿ, ತಾತನದ್ದೋ ದೊಡ್ಡಪ್ಪನದ್ದೋ ಒಂದು ಸಿಕ್ಕೇ ಸಿಗುತ್ತದೆ. ಸರ್ವಿಸ್‌ಗೆ ಕೊಡುವಾಗ ಡಯಲ್ ಮುಟ್ಟಬೇಡಿ, ಹಳೇ ಮುಳ್ಳು ಬದಲಿಸಬೇಡಿ ಅಂತ ಮೊದಲೇ ಹೇಳಿಬಿಡಿ.